ಸೇವೆಯೆಂಬ ಬಿಟ್ಟಿ ಚಾಕರಿ

'ಸ್ವಯಂಸೇವೆ' ಎಂಬ ಮಾತು ಕಿವಿಗೆ ಬಿದ್ದರೆ ಈಚೆಗೆ ನನಗೆ ಮೈಯೆಲ್ಲ ಎಚ್ಚರವಾಗುತ್ತದೆ. ಮಾತು ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ ಅದನ್ನು ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳುತ್ತಾರೆ ಎಂಬುದನ್ನು ಸ್ವಲ್ಪ ಗಮನಿಸಿ. ಸಭೆಗೆ ಶಾಮಿಯಾನ ಹಾಕುವವನಿಗೆ ಯಾರೂ 'ಸ್ವಯಂಸೇವೆ ಮಾಡಪ್ಪಾ' ಎನ್ನುವುದಿಲ್ಲ. ಮೈಕಿನವನಿಗೆ ಎನ್ನುವುದಿಲ್ಲ. ಅಡುಗೆ ಕಂಟ್ರಾಕ್ಟರಿಗಂತೂ ಮುಂಗಡವೇ ಕೊಡಬೇಕು. ಅದೇ ಸಭೆಗೆ ಬೆಳಿಗ್ಗೆ ಆರಕ್ಕೆ ಬಂದು ರಂಗೋಲಿ ಹಾಕಿ, ಪ್ರಾರ್ಥನೆ ಹಾಡಿ, ಇನ್ನೂರು ಜನಕ್ಕೆ ಕಾಫಿ ಹಂಚಿ, ಕೊನೆಗೆ ಲೋಟ ಎಣಿಸಿಟ್ಟು ಮನೆಗೆ ಹೋಗಿ ಮತ್ತೆ ಅಡುಗೆಗೆ ನಿಲ್ಲುವ ಹೆಂಗಸರಿಗೆ ವಂದನಾರ್ಪಣೆಯಲ್ಲಿ ಒಂದು ಸಾಲು: 'ಮಾತೃಹೃದಯದ ನಮ್ಮ ಸೋದರಿಯರು ನಿಸ್ವಾರ್ಥ ಸೇವೆ ಸಲ್ಲಿಸಿದರು.' ಚಪ್ಪಾಳೆ. ಮುಗಿಯಿತು.

ಇದೇನು ಲೋಕ ಮುಳುಗುವ ಸಂಗತಿಯೇ, ಇಷ್ಟಕ್ಕೆಲ್ಲ ಜಗಳ ತೆಗೆಯಬೇಕೇ ಎಂದು ನೀವು ಕೇಳಬಹುದು. ಕಾಫಿ ಲೋಟದ ಮಟ್ಟದಲ್ಲಿ ನಿಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಈ ಒಂದು ಸಾಲಿನ ಕೃತಜ್ಞತೆ ಎಷ್ಟು ಹಳೆಯದು, ಅದರ ಬಲದ ಮೇಲೆ ಎಂತೆಂಥ ಸರ್ಕಾರಗಳು ಎಂತೆಂಥ ಕೆಲಸಗಳನ್ನು ಹೆಂಗಸರಿಂದ ಬಿಟ್ಟಿಯಾಗಿ ಮಾಡಿಸಿಕೊಂಡಿವೆ ಎಂಬುದು ನನಗೆ ಸ್ಪಷ್ಟವಾದದ್ದು ಬಹು ದೂರದ ಒಂದು ಕಟ್ಟಡದ ಕಥೆಯಿಂದ. ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಆ ಕಟ್ಟಡದೊಳಗೆ ಅರ್ಧ ದಿನ ಅಡ್ಡಾಡಿದ್ದೆ. ಕಥೆಯನ್ನು ಓದಿಕೊಂಡದ್ದು ಆಮೇಲೆ. ಓದಿದಷ್ಟೂ ಸಿಟ್ಟು ಬಂತು.

ವಾಷಿಂಗ್ಟನ್ ನಗರದ ನಡುವೆ, ಎಫ್ ಸ್ಟ್ರೀಟಿನಲ್ಲಿ, ಒಂದಿಡೀ ಬ್ಲಾಕನ್ನು ತುಂಬಿಕೊಂಡು ನಿಂತ ಕಂಬಸಾಲಿನ ದೊಡ್ಡ ಕಟ್ಟಡ ಅದು. ಈಗ ಅಲ್ಲಿರುವುದು ಅಮೆರಿಕನ್ ಕಲೆಯ ಮ್ಯೂಸಿಯಂ ಮತ್ತು ಭಾವಚಿತ್ರಗಳ ಗ್ಯಾಲರಿ. 1836ರಲ್ಲಿ ಕಟ್ಟಲು ತೊಡಗಿದಾಗ ಅದು ಪೇಟೆಂಟ್ ಆಫೀಸು. ಹೊಸದಾಗಿ ಏನನ್ನಾದರೂ ಕಂಡುಹಿಡಿದವನು 'ಇದು ನನ್ನದು, ನನ್ನನ್ನು ಕೇಳದೆ ಯಾರೂ ಮಾಡಿ ಮಾರುವಂತಿಲ್ಲ' ಎಂದು ಸರ್ಕಾರದಿಂದ ಹಕ್ಕುಪತ್ರ ಪಡೆಯುವ ಜಾಗ. ಆಗಿನ ನಿಯಮದ ಪ್ರಕಾರ ಅರ್ಜಿಯ ಜೊತೆಗೆ ಒಂದು ಅಡಿ ಮೀರದ ಪುಟ್ಟ ಮಾದರಿಯನ್ನೂ ಮಾಡಿ ಕೊಡಬೇಕಿತ್ತು. ಹೀಗೆ ಬಂದ ಸಾವಿರಾರು ಮಾದರಿಗಳನ್ನು ಎತ್ತರದ ಗಾಜಿನ ಬೀರುಗಳಲ್ಲಿ ಜೋಡಿಸಿ ಇಡಲಾಗಿತ್ತು. ನೇಗಿಲು, ಗಡಿಯಾರ, ಹೊಲಿಗೆ ಯಂತ್ರ... ಏನುಂಟು ಏನಿಲ್ಲ! ಜೊತೆಗೆ ಜಾರ್ಜ್ ವಾಷಿಂಗ್ಟನ್ನನ ದಂಡಿನ ಬಿಡಾರದ ಸಾಮಾನು, ಬೆಂಜಮಿನ್ ಫ್ರಾಂಕ್ಲಿನ್ನನ ಮುದ್ರಣ ಯಂತ್ರ. ಆ ದೇಶದ ಸ್ವಾತಂತ್ರ್ಯ ಘೋಷಣೆಯ ಪತ್ರವೂ 1841ರಿಂದ 1876ರವರೆಗೆ ಅಲ್ಲೇ ಇತ್ತು. ಜನ ಮಕ್ಕಳನ್ನು ಕಟ್ಟಿಕೊಂಡು ನೋಡಲು ಬರುತ್ತಿದ್ದರು. ಅಬ್ರಹಾಂ ಲಿಂಕನ್ನನದೂ ಒಂದು ಮಾದರಿ ಅಲ್ಲಿತ್ತೆನ್ನಿ. ಅಧ್ಯಕ್ಷನಾಗುವ ಮೊದಲು, 1849ರಲ್ಲಿ, ಮರಳ ದಿಬ್ಬಕ್ಕೆ ಸಿಕ್ಕಿಕೊಂಡ ದೋಣಿಯನ್ನು ಮೇಲೆತ್ತುವ ಒಂದು ಉಪಾಯಕ್ಕೆ ಅವನು ಪಡೆದ ಪೇಟೆಂಟಿನ ಸಂಖ್ಯೆ 6469. ಸಂಖ್ಯೆ ಸಮೇತ ಉಳಿದಿದೆ ನೋಡಿ. ಇದನ್ನು ನೆನಪಿನಲ್ಲಿಡಿ.

1861ರಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಅಂತರ್ಯುದ್ಧ ಶುರುವಾಯಿತು. ಗುಲಾಮಗಿರಿ ಇರಬೇಕೇ ಬೇಡವೇ ಎಂಬ ಪ್ರಶ್ನೆ ಅದರ ಬೇರಿನಲ್ಲಿತ್ತು. ಎರಡೂ ಕಡೆಯವರು ಕೆಲವೇ ತಿಂಗಳಲ್ಲಿ ಮುಗಿದೀತು ಎಂದುಕೊಂಡಿದ್ದರು, ನಾಲ್ಕು ವರ್ಷ ನಡೆಯಿತು. ಗಾಯಾಳುಗಳನ್ನು ಹಾಕಲು ರಾಜಧಾನಿಯಲ್ಲಿ ಸಾಕಷ್ಟು ಆಸ್ಪತ್ರೆಗಳೇ ಇರಲಿಲ್ಲ. ಚರ್ಚು, ಶಾಲೆ, ಹೋಟೆಲು, ಕೊನೆಗೆ ಸಂಸತ್ ಭವನವೂ ಆಸ್ಪತ್ರೆಯಾಯಿತು. ಪೇಟೆಂಟ್ ಆಫೀಸಿನ ಮ್ಯೂಸಿಯಂ 1861ರ ಕೊನೆಯ ಹೊತ್ತಿನಿಂದ 1863ರ ಆರಂಭದವರೆಗೆ ಆಸ್ಪತ್ರೆಯಾಗಿತ್ತು. ಗಾಜಿನ ಬೀರುಗಳನ್ನು ತೆಗೆಯಲಿಲ್ಲ. ಬೀರು ಬೀರುಗಳ ನಡುವಿನ ಸಂದಿಗಳಲ್ಲಿ ಮಂಚ ಹಾಕಿದರು. ಹಾಲಿನ ನಡುವೆ ಉದ್ದಕ್ಕೂ ಎರಡು ಸಾಲು. ಮೇಲಿನ ಉಪ್ಪರಿಗೆಯಲ್ಲೂ ಮಂಚ. ಅಮೃತಶಿಲೆಯ ನೆಲ, ರಾತ್ರಿ ಗ್ಯಾಸ್ ದೀಪದ ಬೆಳಕು ಗಾಜಿನ ಮೇಲೆ. ಕಾಲು ಕತ್ತರಿಸಿಕೊಂಡ ಹತ್ತೊಂಬತ್ತರ ಹುಡುಗ ಕಣ್ಣು ಬಿಟ್ಟರೆ ಎದುರಿಗೆ ಯಾರದೋ ಬೆಣ್ಣೆ ಕಡೆಯುವ ಯಂತ್ರದ ಆಟಿಕೆಯಂಥ ಮಾದರಿ!

ಶಸ್ತ್ರಚಿಕಿತ್ಸೆಗೆ ಸೈನ್ಯದ ವೈದ್ಯರಿದ್ದರು. ಅವರ ಕತ್ತಿಯ ಕೆಲಸ ಮುಗಿದ ಮೇಲೆ ಉಳಿಯುತ್ತದಲ್ಲ, ಅದು ಮುಗಿಯದ ಕೆಲಸ. ಕೀವು ಒರೆಸುವುದು, ಪಟ್ಟಿ ಬದಲಿಸುವುದು, ಭೇದಿಯಾದವನ ಹಾಸಿಗೆ ತೆಗೆಯುವುದು, ಗಂಜಿ ಕುಡಿಸುವುದು, ಅಮ್ಮನಿಗೆ ಕಾಗದ ಬರೆದುಕೊಡುವುದು, ಸತ್ತ ಮೇಲೆ ಅದೇ ಅಮ್ಮನಿಗೆ ಇನ್ನೊಂದು ಕಾಗದ ಬರೆಯುವುದು. ಆ ಯುದ್ಧದಲ್ಲಿ ಗುಂಡಿಗಿಂತ ಹೆಚ್ಚು ಜನ ಸತ್ತದ್ದು ಟೈಫಾಯ್ಡು, ಆಮಶಂಕೆಯಂಥ ರೋಗಗಳಿಂದ. ಹಾಗಾಗಿ ರೋಗಿ ಬದುಕುವುದೂ ಸಾಯುವುದೂ ಬಹುಪಾಲು ಈ ಒರೆಸುವ ತೊಳೆಯುವ ಕೆಲಸದ ಮೇಲೆಯೇ ನಿಂತಿತ್ತು. ಅರ್ಧ ಗುಣವಾದ ಸೈನಿಕರನ್ನೇ ಒಂದಿಷ್ಟಕ್ಕೆ ಹಚ್ಚಿದರು. ಉಳಿದದ್ದನ್ನು ಹೊತ್ತವರು ಸ್ವಯಂಸೇವಕರು. ಅವರಲ್ಲಿ ಎಲ್ಲೆಲ್ಲಿಂದಲೋ ಬಂದ ಹೆಂಗಸರು.

ಈ ಆಸ್ಪತ್ರೆಯ ಚಿತ್ರ ನಮಗೆ ಇಷ್ಟು ವಿವರವಾಗಿ ಸಿಕ್ಕುವುದು ಕವಿ ವಾಲ್ಟ್ ವಿಟ್ಮನ್ನನಿಂದ. ಗಾಯಗೊಂಡ ತಮ್ಮನನ್ನು ಹುಡುಕಿಕೊಂಡು 1862ರ ಡಿಸೆಂಬರಿನಲ್ಲಿ ಬಂದವನು ಅಲ್ಲೇ ನಿಂತುಬಿಟ್ಟ. ಬೆಳಿಗ್ಗೆ ಕಚೇರಿಯೊಂದರಲ್ಲಿ ನಕಲು ಮಾಡುವ ಸಣ್ಣ ಕೆಲಸ, ಮಧ್ಯಾಹ್ನ ಸಂಜೆ ಆಸ್ಪತ್ರೆಗಳ ಸುತ್ತಾಟ. ರೋಗಿಗಳಿಗೆ ಹಣ್ಣು, ತಂಬಾಕು, ಕಾಗದ ಹಂಚಿದ, ಕೈ ಹಿಡಿದು ಕೂತ. ಅವನ ಮೇಲೆ ನನಗೆ ಗೌರವವಿದೆ. ಅವನಿಗೂ ಆ ಕೆಲಸಕ್ಕೆ ಯಾರೂ ಸಂಬಳ ಕೊಡಲಿಲ್ಲ. ಆದರೆ ಅವನು ಬರೆದ, ಬರೆದದ್ದು ಅಚ್ಚಾಯಿತು. ಇವತ್ತು ಆ ಮ್ಯೂಸಿಯಂ ಆಸ್ಪತ್ರೆಯ ಹೆಸರೆತ್ತಿದರೆ ಎಲ್ಲರ ಬಾಯಲ್ಲೂ ವಿಟ್ಮನ್. ಅವನು ಎದ್ದು ಹೋದ ಮೇಲೆ ಅದೇ ರೋಗಿಯ ಹಾಸಿಗೆ ಬದಲಿಸಿದವಳ ಹೆಸರೇನು? ಇನ್ನೊಂದು ತಮಾಷೆ ಕೇಳಿ. ಶುಶ್ರೂಷೆಗೆ ಯಾವ ಹೆಂಗಸರು ಒಳ್ಳೆಯವರು ಎಂಬುದರ ಬಗ್ಗೆಯೂ ಅವನು ಬರೆದಿದ್ದಾನೆ: ನಡುವಯಸ್ಸಿನ, ಮಕ್ಕಳನ್ನು ಹೆತ್ತ ತಾಯಂದಿರೇ ಸರಿ ಎಂಬರ್ಥದಲ್ಲಿ. ಬಂತಲ್ಲ ಮಾತೃಹೃದಯ! ಮಹಾಕವಿಯ ಕಣ್ಣಿಗೂ ಅದು ಕಲಿತು ಮಾಡುವ ಕೆಲಸವಾಗಿ ಕಾಣಲಿಲ್ಲ, ಹೆತ್ತವಳಿಗೆ ತಾನಾಗಿ ಬರುವ ಗುಣವಾಗಿ ಕಂಡಿತು. ತಾನಾಗಿ ಬರುವುದಕ್ಕೆ ಯಾರಾದರೂ ದುಡ್ಡು ಕೊಡುತ್ತಾರೆಯೇ? ಮಳೆಗೆ ಕೊಡುತ್ತೇವೆಯೇ?

ಸರ್ಕಾರ ದುಡ್ಡು ಕೊಟ್ಟೇ ಇಲ್ಲವೆಂದಲ್ಲ. ಸೈನ್ಯದ ದಾದಿಯರ ಮೇಲ್ವಿಚಾರಣೆಗೆಂದು 1861ರಲ್ಲಿ ಡೊರೊಥಿಯಾ ಡಿಕ್ಸ್ ಎಂಬಾಕೆಯನ್ನು ನೇಮಿಸಿದರು. ಹುಚ್ಚಾಸ್ಪತ್ರೆಗಳ ಸುಧಾರಣೆಗೆ ಹೆಸರಾದ ಗಟ್ಟಿ ಹೆಂಗಸು. ಆಕೆಯ ಷರತ್ತುಗಳನ್ನು ನೋಡಿ: ವಯಸ್ಸು 35ರಿಂದ 50ರೊಳಗಿರಬೇಕು. ಬಟ್ಟೆ ಕಂದು, ಬೂದು ಇಲ್ಲವೇ ಕಪ್ಪು. ರಿಬ್ಬನ್ನು, ಗುಂಗುರು ಕೂದಲು, ಒಡವೆ, ಒಳಗೆ ಬಳೆ ಕಟ್ಟಿ ಉಬ್ಬಿಸುವ ಲಂಗ, ಯಾವುದೂ ಕೂಡದು. ನೋಡಲು ಸಾಧಾರಣವಾಗಿದ್ದಷ್ಟೂ ಒಳ್ಳೆಯದು! ಇಷ್ಟೆಲ್ಲ ಪರೀಕ್ಷೆ ಗೆದ್ದು ಬಂದವಳಿಗೆ ದಿನಕ್ಕೆ 40 ಸೆಂಟು, ಊಟ. ಅಂದರೆ ತಿಂಗಳಿಗೆ 12 ಡಾಲರು. ಕಾಲಾಳು ಸೈನಿಕನಿಗೆ ಆಗ 13. ಡಿಕ್ಸ್ ಸ್ವತಃ ಒಂದು ಕಾಸೂ ಮುಟ್ಟಲಿಲ್ಲ ಎಂದು ಜನ ಮೆಚ್ಚಿ ಹೇಳುತ್ತಾರೆ. ನನಗೇಕೋ ಆ ಮೆಚ್ಚುಗೆ ಹಿತವಾಗುವುದಿಲ್ಲ. ಮೇಲಿನವಳು ತಗೊಳ್ಳದಿದ್ದರೆ ಕೆಳಗಿನವಳು ಹೆಚ್ಚು ಕೇಳುವುದು ಹೇಗೆ ಹೇಳಿ?

ಈಗ ಆ ಕಟ್ಟಡಕ್ಕೇ ಸೇರಿದ ಒಬ್ಬಳ ಕಥೆ. ಕ್ಲಾರಾ ಬಾರ್ಟನ್. ಅಮೆರಿಕದ ರೆಡ್ ಕ್ರಾಸನ್ನು 1881ರಲ್ಲಿ ಸ್ಥಾಪಿಸಿದವಳು ಎಂದು ಶಾಲೆಯ ಪುಸ್ತಕದಲ್ಲಿ ಓದಿರುತ್ತೀರಿ. ಅದಕ್ಕೆ ಬಹಳ ಮೊದಲು, 1854ರಲ್ಲಿ, ಅವಳು ಇದೇ ಪೇಟೆಂಟ್ ಆಫೀಸಿನಲ್ಲಿ ಗುಮಾಸ್ತೆಯಾಗಿ ಸೇರಿದಳು. ಕಮಿಷನರ್ ಚಾರ್ಲ್ಸ್ ಮೇಸನ್ ಎಂಬಾತ ಗಂಡಸರಿಗೆ ಕೊಡುವಷ್ಟೇ, ವರ್ಷಕ್ಕೆ 1400 ಡಾಲರ್ ಸಂಬಳ ಕೊಟ್ಟ. ಸಹಿಸಿಯಾರೇ? ಸಹೋದ್ಯೋಗಿಗಳು ಅವಳು ನಡೆದು ಬರುವ ಮೊಗಸಾಲೆಯಲ್ಲಿ ನಿಂತು ಮುಖಕ್ಕೆ ಹೊಗೆ ಬಿಡುತ್ತಿದ್ದರು. ಕಚೇರಿಯಲ್ಲಿ ಹೆಂಗಸರೇ ಇರಕೂಡದು ಎಂಬ ಅಭಿಪ್ರಾಯದ ಸಚಿವ ಮೆಕ್‌ಲೆಲ್ಯಾಂಡ್‌ನಿಂದಾಗಿ ಅವಳ ಹುದ್ದೆ ಇಳಿಯಿತು. ನೂರು ಪದ ನಕಲು ಮಾಡಿದರೆ 10 ಸೆಂಟು ಎಂಬ ಲೆಕ್ಕದ ಕೂಲಿಯಾಯಿತು. 1857ರಲ್ಲಿ ಅದೂ ಹೋಯಿತು. ಯುದ್ಧದ ಹೊತ್ತಿಗೆ ಮತ್ತೆ ನಕಲುಗಾರ್ತಿಯಾಗಿ ಬಂದಿದ್ದಳು.

ಲೇಖನಿ ಹಿಡಿದು ಸಮಾನ ಸಂಬಳ ಪಡೆದಾಗ ಯಾರಿಗೂ ಬೇಡವಾದವಳು, ಹಾಸಿಗೆ ದುಪ್ಪಟಿ ಹರಿದು ಗಾಯಕ್ಕೆ ಪಟ್ಟಿ ಮಾಡಿದ ದಿನದಿಂದ ದೇವತೆ! 1861ರ ಏಪ್ರಿಲಿನಲ್ಲಿ ಬಾಲ್ಟಿಮೋರಿನಲ್ಲಿ ಏಟು ತಿಂದು ಬಂದ ಸೈನಿಕರಿಗೆ ಮನೆಯಿಂದ ಬಟ್ಟೆ, ತಿಂಡಿ ಹೊತ್ತುಕೊಂಡು ಹೋದಳು. 1862ರ ಸೆಪ್ಟೆಂಬರ್ 17ರಂದು ಆಂಟೀಟಮ್ ಎಂಬಲ್ಲಿ ಒಂದೇ ದಿನದಲ್ಲಿ ಸುಮಾರು 23 ಸಾವಿರ ಜನ ಸತ್ತು, ಗಾಯಗೊಂಡು, ಕಾಣೆಯಾದರಲ್ಲ, ಅಲ್ಲಿ ಅವಳಿದ್ದಳು. ಒಬ್ಬ ಗಾಯಾಳುವಿಗೆ ನೀರು ಕುಡಿಸುತ್ತಿದ್ದಾಗ ಗುಂಡೊಂದು ಅವಳ ತೋಳಿನ ಬಟ್ಟೆಯನ್ನು ಹರಿದು ಹೋಗಿ ಅವನಿಗೆ ತಗುಲಿ ಅವನು ಸತ್ತ. ಯುದ್ಧ ಮುಗಿದ ಮೇಲೂ ಅವಳ ಕೆಲಸ ಮುಗಿಯಲಿಲ್ಲ. ಪೇಟೆಂಟ್ ಆಫೀಸಿನಿಂದ ಕೂಗಳತೆಯ ದೂರದಲ್ಲಿ, ಏಳನೆಯ ರಸ್ತೆಯ ಬಾಡಿಗೆ ಕೋಣೆಗಳಲ್ಲಿ ಕೂತು ಕಾಣೆಯಾದ ಸೈನಿಕರನ್ನು ಹುಡುಕಿದಳು. 63 ಸಾವಿರಕ್ಕೂ ಹೆಚ್ಚು ಕಾಗದಗಳಿಗೆ ಉತ್ತರ, 22 ಸಾವಿರ ಜನರ ಗತಿ ಏನಾಯಿತೆಂಬ ಪತ್ತೆ. ಕೈಯಿಂದ ಖರ್ಚು ಮಾಡಿ ಮಾಡಿ ಬರಿದಾದ ಮೇಲೆ 1866ರಲ್ಲಿ ಸಂಸತ್ತು 15 ಸಾವಿರ ಡಾಲರ್ ಕೊಟ್ಟಿತು. ಆ ಕೋಣೆಗಳನ್ನು ಮುಂದೆ ಮುಚ್ಚಿ ಮರೆತೇಬಿಟ್ಟರು. 1990ರ ದಶಕದಲ್ಲಿ ಕಟ್ಟಡ ಕೆಡವುವ ಮೊದಲು ನೋಡಲು ಹೋದ ಸರ್ಕಾರಿ ನೌಕರನೊಬ್ಬನಿಗೆ ಅಟ್ಟದಲ್ಲಿ ಅವಳ ಹೆಸರಿನ ತಗಡಿನ ಫಲಕ ಸಿಕ್ಕಿತು. ಅಷ್ಟು ಪ್ರಸಿದ್ಧಳ ಪಾಡೇ ಇದು.

ಅದೇ ಆಫೀಸಿನ ಕಡತದಿಂದ ಇನ್ನೊಂದು. ಮಾರ್ಥಾ ಕೋಸ್ಟನ್ ಎಂಬ ವಿಧವೆ, ಗಂಡ ಬಿಟ್ಟುಹೋದ ಅರೆಬರೆ ಟಿಪ್ಪಣಿ ಹಿಡಿದು ಹತ್ತು ವರ್ಷ ಹೆಣಗಿ, ರಾತ್ರಿ ಹಡಗಿನಿಂದ ಹಡಗಿಗೆ ಸುದ್ದಿ ಮುಟ್ಟಿಸುವ ಬಣ್ಣದ ಬೆಂಕಿ ಬಾಣಗಳನ್ನು ಸಿದ್ಧಪಡಿಸಿದಳು. 1859ರಲ್ಲಿ ಪೇಟೆಂಟ್ ಸಿಕ್ಕಿತು. ಯಾರ ಹೆಸರಿಗೆ? ಸತ್ತ ಗಂಡನ ಹೆಸರಿಗೆ. ಅವಳು ಅವನ ಆಸ್ತಿ ನೋಡಿಕೊಳ್ಳುವವಳು, ಅಷ್ಟೆ. ಅದೇ ಯುದ್ಧದಲ್ಲಿ ನೌಕಾಪಡೆಗೆ ಆ ಬಾಣಗಳು ಬೇಕೇ ಬೇಕಾದವು. ಅವಳು 40 ಸಾವಿರ ಕೇಳಿದಳು, 20 ಸಾವಿರ ಕೊಟ್ಟರು. ಆದರೂ ನೋಡಿ, ಕಾಗದವೆಂದು ಒಂದಿತ್ತು, ಅರ್ಧವಾದರೂ ಬಂತು. ಬೀರುಗಳ ನಡುವೆ ಕೀವು ಒರೆಸುತ್ತಿದ್ದವಳಿಗೆ ಆ ಕಾಗದವೂ ಇರಲಿಲ್ಲ. ಗಾಜಿನ ಒಳಗಿದ್ದ ಇಲಿಬೋನಿಗೂ ಒಡೆಯನ ಹೆಸರು, ತಾರೀಖು, ಸಂಖ್ಯೆ. ಗಾಜಿನ ಹೊರಗೆ ನಿಂತು ದುಡಿದವಳಿಗೆ ಏನೂ ಇಲ್ಲ.

'ಸೇವೆಗೆ ಬೆಲೆ ಕಟ್ಟಿದರೆ ಅದರ ಪಾವಿತ್ರ್ಯ ಹೋಗುವುದಿಲ್ಲವೇ?' ಎಂದು ಕೇಳುವವರನ್ನು ನಾನು ಬಲ್ಲೆ. ಹೆಚ್ಚಾಗಿ ಅವರು ತಿಂಗಳ ಮೊದಲ ತಾರೀಖು ಸಂಬಳ ಎಣಿಸುವವರು. ಅವರಿಗೆ ನನ್ನ ಉತ್ತರ ಇಷ್ಟೆ. ಆ ಹಾಲಿನಲ್ಲಿ ಕಾಲು ಕತ್ತರಿಸಿದ ವೈದ್ಯರಿಗೆ ಸಂಬಳವಿತ್ತು. ಹಾಸಿಗೆ, ಔಷಧಿ ಒದಗಿಸಿದ ವ್ಯಾಪಾರಿಗಳಿಗೆ ಬಿಲ್ಲು ಪಾವತಿಯಾಯಿತು. ಸತ್ತವನನ್ನು ಊರಿಗೆ ಕಳಿಸುವಾಗ ಹೆಣ ಕೆಡದಂತೆ ಔಷಧಿ ತುಂಬುವ ಒಂದು ಹೊಸ ಕಸುಬೇ ಆ ಯುದ್ಧದಲ್ಲಿ ಹುಟ್ಟಿ ಬೆಳೆಯಿತು, ಅವರು ಅಧಿಕಾರಿಯ ಹೆಣಕ್ಕೆ ಇಷ್ಟು, ಸಾಮಾನ್ಯ ಸೈನಿಕನ ಹೆಣಕ್ಕೆ ಇಷ್ಟು ಎಂದು ದರ ಕಟ್ಟಿದ್ದರು. ಹೆಣ ಮುಟ್ಟಿದವನಿಗೆ ದುಡ್ಡು ಕೊಟ್ಟರೆ ಪಾವಿತ್ರ್ಯ ಹೋಗಲಿಲ್ಲ, ಜೀವ ಹೋಗದಂತೆ ತಲೆದಸಿಯಲ್ಲಿ ಕೂತವಳಿಗೆ ಕೊಟ್ಟರೆ ಹೋಗುತ್ತದೆಯೇ? ಇನ್ನೂ ಕೇಳಿ. 1865ರ ಮಾರ್ಚ್ 6ರಂದು ಲಿಂಕನ್ನನ ಎರಡನೆಯ ಪದಗ್ರಹಣದ ನೃತ್ಯಕೂಟ ನಡೆದದ್ದು ಅದೇ ಕಟ್ಟಡದಲ್ಲಿ. ಎರಡು ವರ್ಷದ ಹಿಂದೆ ನರಳಾಟ ಕೇಳಿದ್ದ ಜಾಗದಲ್ಲಿ ಪಿಟೀಲು. ಟಿಕೀಟು 10 ಡಾಲರು. ದಾದಿಯ ತಿಂಗಳ ದುಡಿಮೆಗೆ ಎರಡೇ ಕಡಿಮೆ.

ಒಂದು ಮಾತು ಒಪ್ಪಲೇಬೇಕು. ಆ ಹೆಂಗಸರಲ್ಲಿ ಎಷ್ಟೋ ಮಂದಿಗೆ ಸ್ವಯಂಸೇವೆ ಎಂಬುದೇ ಬಾಗಿಲು ತೆರೆದ ಕೀಲಿಕೈ. ಸಂಬಳಕ್ಕೆ ಹೊರಡುತ್ತೇನೆ ಎಂದಿದ್ದರೆ ಮನೆಯಲ್ಲಿ ಬಿಡುತ್ತಿರಲಿಲ್ಲ. ದೇಶಸೇವೆ ಎಂದದ್ದಕ್ಕೆ ಹೊಸ್ತಿಲು ದಾಟಿದರು. ಬಾರ್ಟನ್ನಳೂ ಡಿಕ್ಸಳ ಪಟ್ಟಿಗೆ ಸೇರದೆ ತನ್ನಷ್ಟಕ್ಕೆ ಓಡಾಡಿದ್ದರಿಂದಲೇ ರಣರಂಗ ಮುಟ್ಟಿದಳು. ನಮ್ಮ ಅಜ್ಜಿಯರ ಕಾಲದಲ್ಲಿ ಚರಕ ಹಿಡಿದು ಬೀದಿಗೆ ಬಂದವರದೂ ಇದೇ ದಾರಿ. ತಾನಾಗಿ ಕೊಟ್ಟದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಕೊಟ್ಟವಳು ಅದನ್ನು ಸೇವೆ ಎನ್ನಲಿ. ಪಡೆದವನು ಸಾಲ ಎನ್ನಬೇಕು. ನಡೆಯುವುದು ತಿರುಗುಮುರುಗು.

ಇದರ ಫಲ ಏನಾಯಿತೆಂಬುದು ಮೂವತ್ತು ವರ್ಷದ ಮೇಲೆ ಗೊತ್ತಾಯಿತು. ಸಂಬಳದ ಪುಸ್ತಕದಲ್ಲಿ ಹೆಸರಿದ್ದ ಕಾರಣಕ್ಕೆ ಉತ್ತರದ ಸೈನ್ಯದ ಆಸ್ಪತ್ರೆಗಳಲ್ಲಿ ದುಡಿದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅವರಲ್ಲಿ ದಾದಿಯರಷ್ಟೇ ಅಲ್ಲ, ಅಡುಗೆಯವರು, ಅಗಸಗಿತ್ತಿಯರೂ ಇದ್ದಾರೆ. ಬಿಟ್ಟಿ ದುಡಿದವರ ಲೆಕ್ಕ ಮಾತ್ರ ಯಾರ ಹತ್ತಿರವೂ ಇಲ್ಲ. ಯುದ್ಧದ ದಾದಿಯರಿಗೆ ತಿಂಗಳಿಗೆ 12 ಡಾಲರ್ ಪಿಂಚಣಿ ಕೊಡುವ ಕಾನೂನು ಬಂದದ್ದು 1892ರಲ್ಲಿ. ಮೂವತ್ತರಲ್ಲಿ ಹೋದವಳಿಗೆ ಅರವತ್ತಾಗಿತ್ತು. ಕನಿಷ್ಠ ಆರು ತಿಂಗಳು, ದಾದಿಯೆಂದೇ, ಅಧಿಕಾರವುಳ್ಳವರ ನೇಮಕದಿಂದ ದುಡಿದಿರಬೇಕೆಂಬ ಷರತ್ತು. ತಾನಾಗಿ ಬಂದವಳಿಗೆ ಆದೇಶ ಪತ್ರ ಎಲ್ಲಿಂದ ಬರಬೇಕು? ಕಪ್ಪು ಹೆಂಗಸರು ಮಾಡಿದ್ದು ದಾದಿಯ ಕೆಲಸವೇ ಆದರೂ ಅವರನ್ನು ಬರೆದುಕೊಂಡದ್ದು ಅಗಸಗಿತ್ತಿ, ಅಡುಗೆಯವಳು ಎಂದು. ಸೂಸಿ ಕಿಂಗ್ ಟೇಲರ್ ಕಪ್ಪು ಸೈನಿಕರ ದಳವೊಂದರ ಜೊತೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಇದ್ದು, ಗಾಯ ತೊಳೆದು, ರಾತ್ರಿ ಸೈನಿಕರಿಗೆ ಅಕ್ಷರ ಕಲಿಸಿದವಳು. ಒಂದು ಡಾಲರೂ ಬರಲಿಲ್ಲ. ಅದನ್ನು 1902ರಲ್ಲಿ ತಾನೇ ಪುಸ್ತಕ ಬರೆದು ಹೇಳಬೇಕಾಯಿತು.

ಇದನ್ನೆಲ್ಲ ದೂರದ ಹಳೆಯ ಕಥೆಯೆಂದು ಮಡಿಸಿಡಲು ನನಗೆ ಆಗುತ್ತಿಲ್ಲ. 2020ರಲ್ಲಿ ಕೊರೋನಾ ಬಂದಾಗ ನಮ್ಮೂರಿನ ಒಂದು ಕಚೇರಿಯಿಂದ ಮಹಿಳಾ ಸಂಘಗಳಿಗೆ ಮಾಸ್ಕ್ ಹೊಲಿದುಕೊಡಿ ಎಂಬ ಕರೆ ಬಂತು. ಬಟ್ಟೆ ಕೊಟ್ಟ ಅಂಗಡಿಗೆ ಬಿಲ್ಲು ಪಾಸಾಯಿತು. ಸಾಗಿಸಿದ ವ್ಯಾನಿಗೆ ಬಾಡಿಗೆ ಸಂದಿತು. ಕಣ್ಣು ಉರಿಯುವವರೆಗೆ ಹೊಲಿದ ನಮಗೆ ಪ್ರಮಾಣಪತ್ರ, ಅದರಲ್ಲೂ ನನ್ನ ಪಕ್ಕದ ಮನೆಯವರ ಹೆಸರು ತಪ್ಪು. ಹೋಗಲಿ, ನಮಗೆ ಮನೆಯಲ್ಲಿ ಊಟವಿತ್ತು. ಆಶಾ ಕಾರ್ಯಕರ್ತೆಯರಿಗೆ? 2005ರಲ್ಲಿ ಆ ಯೋಜನೆ ಶುರುವಾದಾಗಿನಿಂದ ಅವರು ಸರ್ಕಾರದ ಕಡತದಲ್ಲಿ 'ಸ್ವಯಂಸೇವಕಿಯರು'. ಕೊಡುವುದು ಸಂಬಳವಲ್ಲ, ಗೌರವಧನ, ಪ್ರೋತ್ಸಾಹಧನ. ಅಂಗನವಾಡಿಯವರದೂ 1975ರಿಂದ ಅದೇ ಪಾಡು. ನಮ್ಮ ಕರ್ನಾಟಕ ಸರ್ಕಾರವೇ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅವರದು ಸರ್ಕಾರಿ ಹುದ್ದೆಯಲ್ಲ ಎಂಬ ತೀರ್ಪನ್ನು 2006ರ ಡಿಸೆಂಬರಿನಲ್ಲಿ ಪಡೆಯಿತು. ಗ್ರಾಚ್ಯುಟಿಗೆ ಅವರೂ ಅರ್ಹರು ಎಂದು ಅದೇ ನ್ಯಾಯಾಲಯ ಹೇಳಲು 2022 ಬರಬೇಕಾಯಿತು. ಕೊರೋನಾ ಕಾಲದಲ್ಲಿ ಬಾಗಿಲು ಬಾಗಿಲಿಗೆ ಹೋಗಿ ಬೈಸಿಕೊಂಡು ಲೆಕ್ಕ ತಂದವರು ಆಶಾಗಳು. ಹೆಲಿಕಾಪ್ಟರಿನಿಂದ ಆಸ್ಪತ್ರೆಗಳ ಮೇಲೆ ಹೂ ಸುರಿಸಿದರು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಹತ್ತು ಲಕ್ಷಕ್ಕೂ ಹೆಚ್ಚು ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು. ಇಷ್ಟೆಲ್ಲ ಆದಮೇಲೂ 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತೇ ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿಯ ಭರವಸೆ ಪಡೆಯಬೇಕಾಯಿತು.

ನಮ್ಮ ಓಣಿಯ ಆಶಾ ಬಾಗಿಲಿಗೆ ಬಂದಾಗ 'ನಿಮ್ಮಂಥವರು ಪುಣ್ಯವಂತರು ಕಣಮ್ಮಾ' ಎಂದು ಹೇಳಿ ಕಳಿಸುವ ನಾವೂ ಆ ವಂದನಾರ್ಪಣೆಯ ಭಾಷಣಕಾರರೇ. ಅವಳು ಮುಷ್ಕರಕ್ಕೆ ಕೂತ ದಿನ 'ಇವರಿಗೂ ದುಡ್ಡಿನ ಆಸೆ ಬಂತು' ಎನ್ನುವ ಬಾಯಿ ಗಂಡಸರದಷ್ಟೇ ಅಲ್ಲ, ನಮ್ಮ ಹರಟೆ ಕಟ್ಟೆಯಲ್ಲೂ ಕೇಳಿದ್ದೇನೆ. ಹಾಗೆನ್ನುವವರಿಗೆ ಹ್ಯಾರಿಯೆಟ್ ಟಬ್ಮನ್ನಳ ಲೆಕ್ಕ ಹೇಳಬೇಕೆನಿಸುತ್ತದೆ. ಗುಲಾಮಳಾಗಿ ಹುಟ್ಟಿ ತಪ್ಪಿಸಿಕೊಂಡು ಬಂದು, ನೂರಾರು ಜನರ ಬಿಡುಗಡೆಗೆ ಕಾರಣಳಾದವಳು. ಆ ಯುದ್ಧದಲ್ಲಿ ದಾದಿ, ಬೇಹುಗಾರ್ತಿ, ದಾರಿ ತೋರಿಸುವವಳು. ಹಗಲು ಆಸ್ಪತ್ರೆಯಲ್ಲಿ ದುಡಿದು, ಹೊಟ್ಟೆಪಾಡಿಗೆ ರಾತ್ರಿ ಕಡುಬಿನಂಥ ತಿಂಡಿ, ಪಾನಕ ಮಾಡಿ ಮಾರುತ್ತಿದ್ದಳು. ಯುದ್ಧ ಮುಗಿದ ಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಅರ್ಜಿ ಹಾಕಿದಳು. 1895ರಲ್ಲಿ ತಿಂಗಳಿಗೆ 8 ಡಾಲರ್ ಮಂಜೂರಾಯಿತು, ಅದು ಸೈನಿಕನಾಗಿದ್ದ ಗಂಡನ ವಿಧವೆ ಎಂಬ ಲೆಕ್ಕದಲ್ಲಿ. 1899ರಲ್ಲಿ ದಾದಿಯ ಕೆಲಸವನ್ನೂ ಪರಿಗಣಿಸಿ 25ಕ್ಕೆ ಏರಿಸುವ ಮಸೂದೆ ಸಂಸತ್ತಿನ ಮುಂದೆ ಬಂತು. ಚರ್ಚೆಯಾಗಿ 20ಕ್ಕೆ ಇಳಿಯಿತು. ಆಗ ಆ ಮುದುಕಿಗೆ ಎಂಬತ್ತರ ಹತ್ತಿರ.